ಸೆಲ್ಫ್ ಮೋಟಾರ್ ಬಿಚ್ಚುವ ಮೊದಲು ಮೀಟರ್ ಹಿಡಿಯಿರಿ

ಪ್ರಶ್ನೆ: ನನ್ನದು 2013ರ ವ್ಯಾಗನ್ ಆರ್, ಪೆಟ್ರೋಲ್, ಮ್ಯಾನ್ಯುಯಲ್ ಗೇರ್. ಊರು ಕುಂದಾಪುರದ ಹತ್ತಿರ. ಮಳೆಗಾಲ ಶುರುವಾದಾಗಿನಿಂದ ಬೆಳಿಗ್ಗೆ ಕೀ ತಿರುಗಿಸಿದರೆ ‘ಟಕ್’ ಅಂತ ಒಂದೇ ಶಬ್ದ, ಇಂಜಿನ್ ತಿರುಗುವುದಿಲ್ಲ. ನಾಲ್ಕೈದು ಸಲ ಕೀ ತಿರುಗಿಸಿದ ಮೇಲೆ ಸ್ಟಾರ್ಟ್ ಆಗುತ್ತದೆ. ಬ್ಯಾಟರಿ ಹಾಕಿಸಿ ಒಂದು ವರ್ಷ ಆಯಿತು. ಗ್ಯಾರೇಜಿನವರು ‘ಸೆಲ್ಫ್ ಹೋಗಿದೆ, ಹೊಸದೇ ಹಾಕಬೇಕು’ ಎಂದಿದ್ದಾರೆ. ಬೈಕ್ ರಿಪೇರಿ, ಕಾರಿನ ಆಯಿಲ್ ಬದಲಿಸುವುದೆಲ್ಲ ನಾನೇ ಮಾಡಿಕೊಳ್ಳುತ್ತೇನೆ. ಸೆಲ್ಫ್ ಮೋಟಾರನ್ನೂ ಮನೆಯಲ್ಲೇ ಬದಲಾಯಿಸಬಹುದೇ?

ಉತ್ತರ: ಬದಲಾಯಿಸಬಹುದು. ಆಯಿಲ್ ಬದಲಿಸುವ ಕೈಗೆ ಇದು ಅಂಥ ದೊಡ್ಡ ಕೆಲಸ ಅಲ್ಲ. ಎರಡೋ ಮೂರೋ ಬೋಲ್ಟು, ಒಂದು ದಪ್ಪ ವೈರು, ಒಂದು ಸಣ್ಣ ವೈರು, ಅಷ್ಟೇ. ಆದರೆ ಬಿಚ್ಚಬೇಕಾ ಬೇಡವಾ ಅನ್ನುವುದನ್ನು ಮೊದಲು ತೀರ್ಮಾನ ಮಾಡಿಕೊಳ್ಳಬೇಕು. ‘ಸೆಲ್ಫ್ ಹೋಗಿದೆ’ ಅಂತ ಬಿಚ್ಚಿಸಿಕೊಂಡ ಮೋಟಾರುಗಳಲ್ಲಿ ಎಷ್ಟೋ ಚೆನ್ನಾಗಿಯೇ ಇರುತ್ತವೆ. ತಪ್ಪು ಬ್ಯಾಟರಿ ಟರ್ಮಿನಲ್‌ನದ್ದೋ ಅರ್ತ್ ವೈರಿನದ್ದೋ (ಬ್ಯಾಟರಿಯ ನೆಗೆಟಿವ್ ಅನ್ನು ಗಾಡಿಯ ಮೈಗೆ ಸೇರಿಸುವ ವೈರು) ಆಗಿರುತ್ತದೆ. ನೀವಿರುವುದು ಕಡಲ ಬದಿ, ಅದೂ ಮಳೆಗಾಲ. ಉಪ್ಪುಗಾಳಿ ಮೊದಲು ತಿನ್ನುವುದೇ ಈ ಜಾಯಿಂಟುಗಳನ್ನು. ಹಾಗಾಗಿ ನನ್ನ ಮೊದಲ ಅನುಮಾನ ಅಲ್ಲೇ.

ನೀವು ಶಬ್ದವನ್ನು ಸರಿಯಾಗಿ ಗಮನಿಸಿ ಬರೆದಿದ್ದೀರಿ, ಅದು ತುಂಬ ಉಪಯೋಗಕ್ಕೆ ಬರುತ್ತದೆ. ಸೆಲ್ಫ್ ಮೋಟಾರಿನ ಬೆನ್ನ ಮೇಲೆ ಸಣ್ಣ ಡಬ್ಬಿಯ ಹಾಗೆ ಕೂತಿರುವುದು ಸೊಲೆನಾಯ್ಡ್. ಕೀ ತಿರುಗಿಸಿದಾಗ ಅದರೊಳಗಿನ ಕಾಯಿಲ್ ಒಂದು ಕಬ್ಬಿಣದ ಪ್ಲಂಜರನ್ನು ಎಳೆಯುತ್ತದೆ. ಆ ಒಂದೇ ಎಳೆತದಲ್ಲಿ ಎರಡು ಕೆಲಸ ಆಗಬೇಕು. ಮುಂದಿನ ಪಿನಿಯನ್ ಅನ್ನುವ ಸಣ್ಣ ಹಲ್ಲಿನ ಚಕ್ರ, ಇಂಜಿನ್ ಜೊತೆ ತಿರುಗುವ ದೊಡ್ಡ ಚಕ್ರವಾದ ಫ್ಲೈವೀಲಿನ ಹಲ್ಲಿಗೆ ಹೋಗಿ ಕೂರಬೇಕು. ಹಿಂದಿನ ತಾಮ್ರದ ಬಿಲ್ಲೆ ಎರಡು ದಪ್ಪ ಬೋಲ್ಟುಗಳನ್ನು ಸೇರಿಸಿ ಮೋಟಾರಿಗೆ ಕರೆಂಟ್ ಬಿಡಬೇಕು. ‘ಟಕ್’ ಅಂದರೆ ಪ್ಲಂಜರ್ ಹೋಗಿ ಬಡಿಯಿತು ಅಂತ. ಅದಾದ ಮೇಲೂ ಮೋಟಾರ್ ತಿರುಗದಿದ್ದರೆ ತಾಮ್ರದ ಬಿಲ್ಲೆ ಸುಟ್ಟಿರಬಹುದು, ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು, ಇಲ್ಲವೇ ಮೋಟಾರಿನ ತನಕ ಬರಬೇಕಾದ ಕರೆಂಟಿಗೆ ದಾರಿಯಲ್ಲೇ ತಡೆ ಬೀಳುತ್ತಿರಬಹುದು.

‘ಟಕಟಕಟಕ’ ಅಂತ ಬೇಗಬೇಗ ಬಡಿದುಕೊಂಡರೆ ಕಥೆ ಬೇರೆ. ಸೊಲೆನಾಯ್ಡ್ ಒಳಗೆ ಎಳೆಯುವ ಕಾಯಿಲ್ ಒಂದು, ಹಿಡಿದಿಟ್ಟುಕೊಳ್ಳುವ ಕಾಯಿಲ್ ಒಂದು. ಬಿಲ್ಲೆ ಸೇರಿದ ತಕ್ಷಣ ಎಳೆಯುವ ಕಾಯಿಲ್ ಸುಮ್ಮನಾಗುತ್ತದೆ, ಹಿಡಿಯುವ ಕಾಯಿಲ್ ಮಾತ್ರ ಉಳಿಯುತ್ತದೆ. ಬ್ಯಾಟರಿ ಸೋತಿದ್ದರೆ ಮೋಟಾರ್ ಕರೆಂಟ್ ಎಳೆದ ಕ್ಷಣಕ್ಕೇ ವೋಲ್ಟೇಜ್ ಕುಸಿಯುತ್ತದೆ, ಹಿಡಿಯುವ ಕಾಯಿಲ್ ಕೈಬಿಡುತ್ತದೆ. ಪ್ಲಂಜರ್ ವಾಪಸ್ ಬಂದರೆ ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಈ ಜಗ್ಗಾಟವೇ ಆ ಶಬ್ದ. ಅಂಥಾಗ ಸೆಲ್ಫ್ ಮುಟ್ಟುವ ಮೊದಲು ಬ್ಯಾಟರಿ ನೋಡಬೇಕು. ಶಬ್ದವೇ ಇಲ್ಲದಿದ್ದರೆ ಸಣ್ಣ ವೈರು, ರಿಲೇ, ಫ್ಯೂಸ್ ಅಥವಾ ಇಗ್ನಿಷನ್ ಸ್ವಿಚ್ ಕಡೆ ನೋಡಬೇಕು. ‘ಝುಯ್’ ಅಂತ ಮೋಟಾರ್ ಮಾತ್ರ ತಿರುಗಿ ಇಂಜಿನ್ ಅಲುಗದಿದ್ದರೆ ಬೆಂಡಿಕ್ಸ್ (ಪಿನಿಯನ್ನನ್ನು ಮೋಟಾರಿನ ಜೊತೆ ತಿರುಗಿಸುವ ಭಾಗ) ಜಾರುತ್ತಿದೆ, ಅಥವಾ ಫ್ಲೈವೀಲಿನ ಹಲ್ಲು ಸವೆದಿದೆ.

ನಿಮ್ಮದು ಒಂದೇ ‘ಟಕ್’, ನಾಲ್ಕೈದು ಸಲದ ಮೇಲೆ ಹತ್ತುತ್ತದೆ. ಬಿಲ್ಲೆ ಅಥವಾ ಬ್ರಷ್ ಸವೆದಾಗ ಹೀಗೇ ಆಗುತ್ತದೆ. ಪ್ರತಿ ಸಲ ಬಡಿದಾಗ ಬಿಲ್ಲೆ ಸ್ವಲ್ಪ ತಿರುಗಿ ಸುಡದ ಜಾಗ ಸಿಕ್ಕರೆ ಕರೆಂಟ್ ಹರಿಯುತ್ತದೆ. ಆದರೆ ಪಾಚಿಗಟ್ಟಿದ ಟರ್ಮಿನಲ್ ಕೂಡ ಇದೇ ಆಟ ಆಡುತ್ತದೆ. ಇವೆರಡನ್ನು ಬೇರೆ ಮಾಡಿ ತೋರಿಸುವುದು ಮೀಟರ್ ಮಾತ್ರ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು.

ಮೀಟರ್ ತರುವ ತನಕ ಒಂದು ಸುಲಭದ ಪರೀಕ್ಷೆ ಮಾಡಿ. ಹೆಡ್‌ಲೈಟ್ ಹಾಕಿ, ಕಾರಿನ ಮುಂದೆ ಗೋಡೆ ಇರಲಿ, ಕೀ ತಿರುಗಿಸಿ. ‘ಟಕ್’ ಅಂದಾಗ ಬೆಳಕು ಪೂರ್ತಿ ಮಂಕಾದರೆ ಬ್ಯಾಟರಿ ಸೋತಿದೆ, ಟರ್ಮಿನಲ್ ಕೆಟ್ಟಿದೆ ಅಥವಾ ಮೋಟಾರ್ ಜಾಮ್ ಆಗಿ ಸಿಕ್ಕಾಪಟ್ಟೆ ಎಳೆಯುತ್ತಿದೆ. ಬೆಳಕು ಇದ್ದ ಹಾಗೇ ಇದ್ದರೆ ಮೋಟಾರಿಗೆ ಕರೆಂಟ್ ಹೋಗುತ್ತಲೇ ಇಲ್ಲ ಅಂತ.

ಇನ್ನು ಮೀಟರ್. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗೆ ಬಂದಿದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಮುಂದಿನ ಮಾತು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ‘ಬ್ಯಾಟರಿ ಒಂದು ವರ್ಷದ್ದು’ ಅನ್ನುವುದನ್ನು ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ದಿನಾ ಎರಡು ಕಿಲೋಮೀಟರ್ ಓಡುವ ಗಾಡಿಯ ಬ್ಯಾಟರಿ ಹೊಸದಾದರೂ ಅರೆಹೊಟ್ಟೆಯಲ್ಲೇ ಇರುತ್ತದೆ.

ಬ್ಯಾಟರಿ ಸರಿ ಇದ್ದರೆ ದಾರಿ ಅಳೆಯಬೇಕು. ಇಗ್ನಿಷನ್ ಕೀ ಹತ್ತಿರ ಒಬ್ಬರನ್ನು ಕೂರಿಸಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿರಲಿ. ಇಂಜಿನ್ ತಟ್ಟನೆ ಸ್ಟಾರ್ಟ್ ಆಗಿಬಿಡಬಹುದು, ಹಾಗಾಗಿ ಬೆಲ್ಟ್, ಫ್ಯಾನ್ ಕಡೆ ಮೀಟರಿನ ವೈರು, ಲುಂಗಿ, ಶಾಲು ಯಾವುದೂ ಇರಬಾರದು. ಮೀಟರ್ ಡಿಸಿ 20 ವೋಲ್ಟ್‌ನಲ್ಲಿಟ್ಟು ಕೆಂಪು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಸೀಸದ ಕಂಬಕ್ಕೇ ಒತ್ತಿ. ಮೇಲಿನ ಕ್ಲ್ಯಾಂಪಿಗೆ ಅಲ್ಲ. ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ ಇರುವ ಕೊಳೆಯೇ ಕಳ್ಳನಾಗಿದ್ದರೆ ಕ್ಲ್ಯಾಂಪ್ ಮುಟ್ಟಿದಾಗ ಅವನು ತಪ್ಪಿಸಿಕೊಳ್ಳುತ್ತಾನೆ. ಕಪ್ಪು ಕಡ್ಡಿಯನ್ನು ಸೆಲ್ಫ್ ಮೇಲೆ ದಪ್ಪ ವೈರು ಕೂತಿರುವ ಬೋಲ್ಟಿಗೆ ಒತ್ತಿ. ಕೀ ತಿರುಗಿಸಲು ಹೇಳಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಪಾಸಿಟಿವ್ ವೈರಿನಲ್ಲೋ ಅದರ ಜಾಯಿಂಟಿನಲ್ಲೋ ತೊಂದರೆ ಇದೆ. ಆಮೇಲೆ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟಾರಿನ ಮೈಗೆ. ಇಲ್ಲಿ 0.3 ದಾಟಿದರೆ ಅರ್ತ್ ಕೆಟ್ಟಿದೆ.

ಇದನ್ನು ತೊಂದರೆ ಕೊಡುವ ಬೆಳಿಗ್ಗೆಯೇ ಅಳೆಯಬೇಕು. ಗಾಡಿ ಬಿಸಿಯಾಗಿ ಸಲೀಸಾಗಿ ಸ್ಟಾರ್ಟ್ ಆಗುವಾಗ ಅಳೆದರೆ ಎಲ್ಲವೂ ಸರಿಯಾಗೇ ಕಾಣುತ್ತದೆ.

ಎರಡೂ ಕಡೆ ಸರಿ ಬಂದರೆ ತಪ್ಪು ಸೆಲ್ಫ್ ಒಳಗೇ ಇದೆ. ಆಗ ಇನ್ನೂ ಒಂದು ಅಳತೆ ತೆಗೆದುಕೊಳ್ಳಿ, ಇದು ದುಡ್ಡು ಉಳಿಸುವ ಅಳತೆ. ಸೊಲೆನಾಯ್ಡ್ ಹಿಂದೆ ಎರಡು ದಪ್ಪ ಬೋಲ್ಟುಗಳಿವೆ. ಒಂದಕ್ಕೆ ಬ್ಯಾಟರಿಯ ವೈರು, ಇನ್ನೊಂದರಿಂದ ಹೆಣೆದ ತಾಮ್ರದ ಪಟ್ಟಿ ಮೋಟಾರಿನ ಒಳಗೆ ಹೋಗಿರುತ್ತದೆ. ಎರಡಕ್ಕೂ ಒಂದೊಂದು ಕಡ್ಡಿ ಇಡಿ. ‘ಟಕ್’ ಅಂದಾಗಲೂ ಮೀಟರ್ 12ರ ಹತ್ತಿರವೇ ನಿಂತರೆ ಬಿಲ್ಲೆ ಸೇರುತ್ತಿಲ್ಲ, ಸೊಲೆನಾಯ್ಡ್ ಕೆಲಸ. ಸೊನ್ನೆಯ ಹತ್ತಿರ ಇಳಿದೂ ಮೋಟಾರ್ ತಿರುಗದಿದ್ದರೆ ಬ್ರಷ್ ಅಥವಾ ಆರ್ಮೇಚರ್ (ಮೋಟಾರಿನ ಒಳಗೆ ತಿರುಗುವ, ತಾಮ್ರದ ತಂತಿ ಸುತ್ತಿದ ಭಾಗ).

ಅರ್ತ್ ಕೆಟ್ಟಿದೆ ಅಂತ ಗೊತ್ತಾದರೆ ಖುಷಿಪಡಿ, ಖರ್ಚು ಎಮರಿ ಪೇಪರಿನದ್ದು ಮಾತ್ರ. ಟರ್ಮಿನಲ್ ಬಿಚ್ಚಿ (ಮೊದಲು ನೆಗೆಟಿವ್), ಬಿಳಿ ಹಸಿರು ಪುಡಿಯನ್ನು ಸೋಡಾ ಪುಡಿ ಬೆರೆಸಿದ ಬಿಸಿನೀರಿನಿಂದ ತೊಳೆಯಿರಿ. ಬ್ಯಾಟರಿಯ ಮುಚ್ಚಳದೊಳಗೆ ಆ ನೀರು ಹೋಗದಿರಲಿ. ಒಣಗಿಸಿ, ಸೀಸ ಹೊಳೆಯುವಷ್ಟು ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ. ಬ್ಯಾಟರಿಯಿಂದ ಗಾಡಿಯ ಮೈಗೆ, ಅಲ್ಲಿಂದ ಗೇರ್‌ಬಾಕ್ಸಿಗೆ ಹೋಗುವ ಅರ್ತ್ ವೈರಿನ ಎರಡೂ ತುದಿ ಬಿಚ್ಚಿ ನೋಡಿ. ಮೇಲಿಂದ ಬಿಗಿಯಾಗೇ ಕಾಣುತ್ತದೆ. ಬಿಚ್ಚಿದರೆ ವಾಷರಿನ ಕೆಳಗೆ ಕೆಂಪು ತುಕ್ಕು ಪದರ ಕಟ್ಟಿರುತ್ತದೆ. ವೈರಿನ ಪ್ಲಾಸ್ಟಿಕ್ ಒತ್ತಿದರೆ ಒಳಗೆ ಪುಡಿಪುಡಿ ಅನ್ನಿಸಿದರೆ ತಾಮ್ರ ಕೊಳೆತಿದೆ, ಇಡೀ ವೈರನ್ನೇ ಬದಲಾಯಿಸಿ.

ಅಲ್ಲಿಯ ತನಕ ಕೆಲಸಕ್ಕೆ ಹೋಗಬೇಕಲ್ವಾ? ಮ್ಯಾನ್ಯುಯಲ್ ಗಾಡಿ, ಎರಡನೇ ಗೇರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಬಹುದು. ಸ್ಪ್ಯಾನರಿನಿಂದ ಸೆಲ್ಫಿಗೆ ಮೆಲ್ಲಗೆ ತಟ್ಟಿದರೆ ಅಂಟಿಕೊಂಡ ಬ್ರಷ್ ಅಲುಗಿ ಒಂದೆರಡು ದಿನ ನಡೆಯುತ್ತದೆ. ಮೆಲ್ಲಗೆ ಮಾತ್ರ. ಈಗಿನ ಬಹಳಷ್ಟು ಸೆಲ್ಫ್‌ಗಳಲ್ಲಿ ಒಳಗೆ ಪರ್ಮನೆಂಟ್ ಮ್ಯಾಗ್ನೆಟ್ ಇರುತ್ತದೆ. ಜೋರಾಗಿ ಬಡಿದರೆ ಅದು ಒಡೆದು ಆರ್ಮೇಚರಿಗೆ ಸಿಕ್ಕಿಕೊಳ್ಳುತ್ತದೆ. ಸ್ಕ್ರೂ ಡ್ರೈವರ್ ಇಟ್ಟು ಬೋಲ್ಟುಗಳನ್ನು ಶಾರ್ಟ್ ಮಾಡಿ ಸ್ಟಾರ್ಟ್ ಮಾಡುವ ವಿಡಿಯೊಗಳಿವೆ. ಅದು ಬೇಡ. ಗೇರಿನಲ್ಲಿದ್ದರೆ ಗಾಡಿ ನೇರ ನಿಮ್ಮ ಮೇಲೇ ಬರುತ್ತದೆ.

1912ರ ಕ್ಯಾಡಿಲಾಕ್‌ಗೆ ಚಾರ್ಲ್ಸ್ ಕೆಟರಿಂಗ್ ಎಲೆಕ್ಟ್ರಿಕ್ ಸೆಲ್ಫ್ ಮಾಡಿಕೊಡುವ ತನಕ ಬಹುತೇಕ ಎಲ್ಲರಿಗೂ ಇಂಜಿನ್ನನ್ನು ಕೈಯಿಂದ ತಿರುಗಿಸುವ ಹ್ಯಾಂಡಲ್ಲೇ ಗತಿ. ನಮ್ಮಲ್ಲಿ ಹಳೇ ಅಂಬಾಸಡರ್ ಓಡಿಸಿದವರನ್ನು ಕೇಳಿ, ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಡಬೇಕು ಅಂತ ಹೇಳುತ್ತಾರೆ. ಸುತ್ತಿ ಹಿಡಿದರೆ ಇಂಜಿನ್ ಹಿಂದಕ್ಕೆ ಒದ್ದಾಗ ಹೆಬ್ಬೆರಳು ಮುರಿಯುತ್ತಿತ್ತು. ಆ ಕಾಲ ಮುಗಿಯಿತಲ್ಲ, ಅಷ್ಟು ಸಾಕು.

ಸರಿ, ಸೆಲ್ಫ್ ಒಳಗೇ ತೊಂದರೆ ಅಂತ ಖಾತ್ರಿಯಾಯಿತು ಅಂದುಕೊಳ್ಳೋಣ. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಶುರು ಮಾಡಿ.

ಮೊದಲ ಕೆಲಸ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಪಕ್ಕಕ್ಕೆ ಕಟ್ಟುವುದು. ಇದನ್ನು ಯಾವ ಕಾರಣಕ್ಕೂ ಬಿಡಬೇಡಿ. ಸೆಲ್ಫಿಗೆ ಬರುವ ದಪ್ಪ ವೈರಿನಲ್ಲಿ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಕೀ ಜೇಬಿನಲ್ಲಿದ್ದರೂ ಆ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ನಿಮ್ಮ ಸ್ಪ್ಯಾನರಿನ ಒಂದು ತುದಿ ಆ ನಟ್ಟಿನ ಮೇಲಿದ್ದು ಇನ್ನೊಂದು ತುದಿ ಇಂಜಿನ್ ಮೈಗೆ ತಾಗಿತೋ, ನೂರಾರು ಆಂಪಿಯರ್ ಒಟ್ಟಿಗೆ ಹರಿದು ಸ್ಪ್ಯಾನರ್ ಅಲ್ಲೇ ಬೆಸುಗೆಯಾಗುತ್ತದೆ. ಕೈಯಲ್ಲಿ ಉಂಗುರ, ಸ್ಟೀಲಿನ ವಾಚ್, ಕಡಗ ಇದ್ದರೆ ತೆಗೆದಿಡಿ. ಗಡಿಯಾರ, ರೇಡಿಯೊ ಸೆಟ್ಟಿಂಗ್ ಅಳಿಸಿಹೋಗಬಹುದು. ಆ ಚಿಂತೆ ಬಿಡಿ.

ಸೆಲ್ಫ್ ಎಲ್ಲಿದೆ ಅಂತ ಹುಡುಕಲು ಇಂಜಿನ್ ಗೇರ್‌ಬಾಕ್ಸಿಗೆ ಸೇರುವ ಜಾಗ ನೋಡಿ. ಬ್ಯಾಟರಿ ಪಾಸಿಟಿವ್‌ನಿಂದ ಹೊರಡುವ ಎಲ್ಲಕ್ಕಿಂತ ದಪ್ಪ ವೈರನ್ನು ಬೆರಳಲ್ಲಿ ಹಿಂಬಾಲಿಸಿದರೂ ಅಲ್ಲಿಗೇ ತಲುಪುತ್ತೀರಿ. ಮೇಲಿಂದ ಕೈ ಹೋಗದಿದ್ದರೆ ಏರ್ ಫಿಲ್ಟರ್ ಡಬ್ಬಿ, ಬ್ಯಾಟರಿ, ಅದರ ಟ್ರೇ ತೆಗೆದರೆ ಎಷ್ಟೋ ಜಾಗ ಆಗುತ್ತದೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಅಡಿಯಿಂದಲೇ ಕೈ ಹಾಕಬೇಕಾದರೆ ಗಾಡಿ ಎತ್ತಬೇಕು. ಡಿಕ್ಕಿಯಲ್ಲಿರುವ ಜಾಕ್ ಟೈರ್ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕಬೇಡಿ. ಕಬ್ಬಿಣದ ಜಾಕ್ ಸ್ಟ್ಯಾಂಡ್ ಎರಡು ಬೇಕೇ ಬೇಕು. ನಿಮ್ಮ ಕಡೆ ಅಂಗಳದಲ್ಲಿ ಕೆಂಪು ಕಲ್ಲು ಬೇಕಾದಷ್ಟು ಬಿದ್ದಿರುತ್ತದೆ, ಜೋಡಿಸಿ ಕೊಟ್ಟರಾಯಿತು ಅನ್ನಿಸಬಹುದು. ಮಳೆ ನೀರು ಕುಡಿದ ಕೆಂಪು ಕಲ್ಲು ಒಂದು ಮೂಲೆಗೆ ಭಾರ ಬಿದ್ದರೆ ಹೇಳದೆ ಕೇಳದೆ ಒಡೆಯುತ್ತದೆ. ಹಾಲೋ ಬ್ಲಾಕ್ ಅದಕ್ಕಿಂತ ಕೆಟ್ಟದ್ದು. ಒದ್ದೆ ಮಣ್ಣಿನ ಅಂಗಳವೂ ಬೇಡ, ಸಿಮೆಂಟ್ ನೆಲ ಇರುವ ಕಡೆ ನಿಲ್ಲಿಸಿ. ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಸ್ಟ್ಯಾಂಡ್ ಇಲ್ಲವೇ? ಆ ದಿನ ಕೆಲಸ ಇಲ್ಲ ಅಂತಲೇ ತಿಳಿಯಿರಿ.

ಸಣ್ಣ ವೈರಿನ ಕನೆಕ್ಟರಿಗೆ ಒಂದು ಲಾಕ್ ಇರುತ್ತದೆ, ಒತ್ತಿ ಎಳೆಯಿರಿ. ಹತ್ತು ವರ್ಷ ಇಂಜಿನ್ ಬಿಸಿ ತಿಂದ ಪ್ಲಾಸ್ಟಿಕ್, ಅವಸರ ಮಾಡಿದರೆ ಮುರಿಯುತ್ತದೆ. ದಪ್ಪ ವೈರಿನ ನಟ್ಟಿಗೆ ಸಾಮಾನ್ಯವಾಗಿ 12 ಅಥವಾ 13ರ ಸ್ಪ್ಯಾನರ್. ಇಲ್ಲೊಂದು ಎಚ್ಚರಿಕೆ. ಈ ಬೋಲ್ಟ್ ಸೊಲೆನಾಯ್ಡಿನ ಪ್ಲಾಸ್ಟಿಕ್ ಮುಚ್ಚಳದಲ್ಲಿ ಕೂತಿರುತ್ತದೆ. ನಟ್ಟು ಜಂಗು ಹಿಡಿದು ಬೋಲ್ಟೇ ತಿರುಗಿಬಿಟ್ಟರೆ ಮುಚ್ಚಳ ಸೀಳುತ್ತದೆ, ಒಳಗಿನ ಸಂಪರ್ಕ ತಪ್ಪುತ್ತದೆ. ಕೆಳಗೆ ಇನ್ನೊಂದು ನಟ್ಟು ಇದ್ದರೆ ಅದನ್ನು ಹಿಡಿದುಕೊಂಡು ಮೇಲಿನದ್ದನ್ನು ತಿರುಗಿಸಿ. ಹಳೇ ಸೆಲ್ಫನ್ನೇ ರಿಪೇರಿ ಮಾಡಿಸುವುದಾದರೆ ಇದು ತುಂಬ ಮುಖ್ಯ.

ಆಮೇಲೆ ಸೆಲ್ಫನ್ನು ಹಿಡಿದಿಟ್ಟಿರುವ ಬೋಲ್ಟುಗಳು. ಜಪಾನಿ ಮೂಲದ ಗಾಡಿಗಳಲ್ಲಿ ಹೆಚ್ಚಾಗಿ 12 ಅಥವಾ 14ರ ತಲೆ. ಆರು ಮೂಲೆಯ ಸಾಕೆಟ್ ಬಳಸಿ, ಹನ್ನೆರಡು ಮೂಲೆಯದ್ದು ಜಂಗು ಹಿಡಿದ ತಲೆಯನ್ನು ಉರುಟಾಗಿಸುತ್ತದೆ. ಮೇಲಿನ ಬೋಲ್ಟ್ ಕಣ್ಣಿಗೆ ಕಾಣದೆ ಕೈಗೆ ಮಾತ್ರ ಸಿಗುವುದುಂಟು. ಉದ್ದ ಎಕ್ಸ್‌ಟೆನ್ಷನ್ ಇದ್ದರೆ ಸುಲಭ. ಬೋಲ್ಟುಗಳ ಉದ್ದ ಬೇರೆಬೇರೆ ಇದ್ದರೆ ಯಾವುದು ಎಲ್ಲಿಯದ್ದು ಅಂತ ಗುರುತು ಮಾಡಿಡಿ. ಕೊನೆಯ ಬೋಲ್ಟ್ ಬಿಡಿಸುವಾಗ ಇನ್ನೊಂದು ಕೈ ಸೆಲ್ಫಿನ ಅಡಿಯಲ್ಲಿರಲಿ. ಎರಡು ಮೂರು ಕೆಜಿ ಭಾರದ್ದು, ಮುಖದ ಮೇಲೆ ಬಿದ್ದರೆ ಚೆನ್ನಾಗಿರುವುದಿಲ್ಲ.

ಸೆಲ್ಫ್ ಹೊರಗೆ ಬಂದ ಮೇಲೆ ಹೆಚ್ಚಿನವರು ಮರೆಯುವ ಕೆಲಸ ಒಂದಿದೆ. ಆ ತೂತಿನಿಂದ ಟಾರ್ಚ್ ಹಾಕಿ ಫ್ಲೈವೀಲಿನ ಹಲ್ಲು ನೋಡಿ. ಇಂಜಿನ್ ಆಫ್ ಆದಾಗ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಕಂಪ್ರೆಷನ್ ತಡೆಯುವ ಜಾಗದ ಆಸುಪಾಸಿನಲ್ಲೇ ನಿಲ್ಲುತ್ತದೆ. ನಿಮ್ಮದು 998 ಸಿಸಿಯ ಮೂರು ಸಿಲಿಂಡರ್ ಇಂಜಿನ್, ಹಾಗಾಗಿ ಸವೆತ ಇದ್ದರೆ ಸುತ್ತಿನಲ್ಲಿ ಮೂರು ಕಡೆ ಕಾಣುತ್ತದೆ. ನಾಲ್ಕು ಸಿಲಿಂಡರ್ ಆದರೆ ಎದುರುಬದುರು ಎರಡು ಕಡೆ. ಗಾಡಿ ನೆಲದ ಮೇಲಿರುವಾಗ, ಐದನೇ ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಬಿಟ್ಟು, ಒಬ್ಬರು ಸಮತಟ್ಟು ಜಾಗದಲ್ಲಿ ಸ್ವಲ್ಪಸ್ವಲ್ಪವೇ ತಳ್ಳಿದರೆ ಇಡೀ ಸುತ್ತು ನೋಡಬಹುದು. ತಳ್ಳುವಾಗ ತೂತಿನೊಳಗೆ ಬೆರಳು ಬೇಡ. ಹಲ್ಲಿನ ಅಂಚು ಸ್ವಲ್ಪ ಮೊಂಡಾಗಿದ್ದರೆ ಪರವಾಗಿಲ್ಲ. ಅರ್ಧಕ್ಕರ್ಧ ತಿಂದುಹೋಗಿದ್ದರೆ ಹೊಸ ಸೆಲ್ಫ್ ಹಾಕಿಯೂ ಪ್ರಯೋಜನವಿಲ್ಲ, ಗೇರ್‌ಬಾಕ್ಸ್ ಇಳಿಸುವ ಕೆಲಸ. ಅದು ಗ್ಯಾರೇಜಿಗೇ ಸೇರಿದ್ದು.

ಈಗ ಹೊಸದೋ ರಿಪೇರಿಯೋ ಅನ್ನುವ ಮಾತು. ನನ್ನ ಅಭಿಪ್ರಾಯ ಕೇಳಿದರೆ, ಆರ್ಮೇಚರ್ ಸುಟ್ಟಿಲ್ಲದಿದ್ದರೆ ರಿಪೇರಿ. ಒಳ್ಳೆಯ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಬಿಚ್ಚಿದ ಸೆಲ್ಫ್ ತೆಗೆದುಕೊಂಡು ಹೋಗಿ. ಬ್ರಷ್, ಬುಷ್ (ಶಾಫ್ಟ್ ತಿರುಗುವ ಬಳೆ) ಬದಲಿಸಿ, ಬ್ರಷ್ ಉಜ್ಜುವ ತಾಮ್ರದ ಭಾಗವಾದ ಕಮ್ಯುಟೇಟರನ್ನು ಲೇತಿನಲ್ಲಿ ಹೊಡೆಸಿ, ಬೇಕಿದ್ದರೆ ಸೊಲೆನಾಯ್ಡ್ ಹೊಸದು ಹಾಕಿದರೆ ಮತ್ತೆ ವರ್ಷಗಟ್ಟಲೆ ಓಡುತ್ತದೆ. ಖರ್ಚು ಹೊಸದರ ಸಣ್ಣ ಪಾಲು. ಬಿಚ್ಚುವ ಕೂಲಿ ನಿಮಗೆ ಹೇಗೂ ಉಳಿದಿದೆ. ಆರ್ಮೇಚರ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಮಾತ್ರ ಹೊಸದು. ಕೊಳ್ಳುವಾಗ ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಲೇಬಲ್ ಮೇಲಿನ ಪಾರ್ಟ್ ನಂಬರ್, ಪಿನಿಯನ್ ಹಲ್ಲಿನ ಲೆಕ್ಕ, ಬೋಲ್ಟ್ ತೂತುಗಳ ನಡುವಿನ ಅಂತರ, ಕನೆಕ್ಟರ್ ಆಕಾರ, ನಾಲ್ಕೂ ಹೊಂದಬೇಕು. ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಕೊಂಡರೂ, ನಿಮ್ಮೂರಲ್ಲೇ ಕೊಂಡರೂ ಬಿಲ್ ಕೇಳಿ ತಗೊಳ್ಳಿ. ಹೆಸರಾಂತ ಕಂಪನಿಯ ಡಬ್ಬಿಯಲ್ಲಿ ನಕಲಿ ಮಾಲು ಬರುವುದುಂಟು. ಗುಜರಿಯ ಸೆಲ್ಫ್ ಅಗ್ಗ, ಆದರೆ ಅದೂ ನಿಮ್ಮದರಷ್ಟೇ ಸವೆದಿರುತ್ತದೆ. ಮತ್ತೆ ಬ್ರಷ್ ಹಾಕಿಸಬೇಕಾದರೆ ನಿಮ್ಮದಕ್ಕೇ ಹಾಕಿಸಿ.

ಕೂರಿಸುವ ಮೊದಲು ಸೆಲ್ಫ್ ಕೂರುವ ಜಾಗವನ್ನೂ ಸೆಲ್ಫಿನ ಮುಖವನ್ನೂ ವೈರ್ ಬ್ರಷ್‌ನಿಂದ ಹೊಳೆಯುವಂತೆ ಉಜ್ಜಿ. ಸೆಲ್ಫಿಗೆ ಬೇರೆ ಅರ್ತ್ ವೈರ್ ಇರುವುದಿಲ್ಲ, ಮೈಯೇ ಅದರ ಅರ್ತ್. ರಿಪೇರಿಯವರು ಅಂದಕ್ಕೆ ಅಂತ ಬೆಳ್ಳಿ ಬಣ್ಣ ಹೊಡೆದುಕೊಟ್ಟಿರುತ್ತಾರೆ. ಕೂರುವ ಮುಖದ ಮೇಲಿನ ಬಣ್ಣ ಕೆರೆದು ತೆಗೆಯಿರಿ. ಪಿನಿಯನ್ ಜಾರುವ ಸುರುಳಿಗೆ ಗ್ರೀಸ್ ಮೆತ್ತಬೇಡಿ. ಕ್ಲಚ್ಚಿನ ಧೂಳು ಅಂಟಿ ಪಿನಿಯನ್ ಸಿಕ್ಕಿಹಾಕಿಕೊಳ್ಳುತ್ತದೆ.

ಬೋಲ್ಟುಗಳನ್ನು ಮೊದಲು ಬೆರಳಿನಿಂದಲೇ ನಾಲ್ಕೈದು ಸುತ್ತು ತಿರುಗಿಸಿ. ಗೇರ್‌ಬಾಕ್ಸಿನ ಮೈ ಅಲ್ಯುಮಿನಿಯಂ, ಓರೆಯಾಗಿ ಹತ್ತಿಸಿ ಸ್ಪ್ಯಾನರ್ ಹಾಕಿದರೆ ಥ್ರೆಡ್ ಹೋಯಿತು ಅಂತಲೇ. ದಪ್ಪ ವೈರಿನ ನಟ್ಟು ಬಿಗಿಯಾಗಲಿ, ಆದರೆ ಶಕ್ತಿ ಪ್ರದರ್ಶನ ಬೇಡ. ಅದರ ಮೇಲಿನ ರಬ್ಬರ್ ಟೋಪಿಯನ್ನು ವಾಪಸ್ ಹಾಕಿ. ನಿಮ್ಮ ಕಡೆಯ ಮಳೆಗೆ ಅದು ಬೇಕೇ ಬೇಕು, ಹರಿದಿದ್ದರೆ ಹೊಸದು ತನ್ನಿ. ಬ್ಯಾಟರಿಯ ನೆಗೆಟಿವ್ ಕಟ್ಟಕಡೆಗೆ.

ಮೊದಲ ಸಲ ಕೀ ತಿರುಗಿಸಿ ಎರಡು ಸೆಕೆಂಡಿನಲ್ಲಿ ಬಿಟ್ಟು ಶಬ್ದ ಕೇಳಿ. ಹಲ್ಲು ಕೆರೆದ ಶಬ್ದ ಬಂದರೆ ಸೆಲ್ಫ್ ಸರಿಯಾಗಿ ಕೂತಿಲ್ಲ. ಇಂಜಿನ್ ಸ್ಟಾರ್ಟ್ ಆದ ಮೇಲೂ ಕಿರ್ ಅಂತ ಸೀಟಿ ಹೊಡೆಯುತ್ತಿದ್ದರೆ ಪಿನಿಯನ್ ವಾಪಸ್ ಬಂದಿಲ್ಲ, ತಕ್ಷಣ ಆಫ್ ಮಾಡಿ. ಯಾವತ್ತಿಗೂ ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ನಡುವೆ ಅರ್ಧ ನಿಮಿಷವಾದರೂ ಬಿಡಿ. ಅದು ತಂಪಾಗಲು ಬೇರೆ ಫ್ಯಾನ್ ಇಲ್ಲ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಕೆಲವು ಗಾಡಿಗಳಲ್ಲಿ ಸೆಲ್ಫ್ ಇನ್‌ಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ ಅಡಗಿರುತ್ತದೆ, ಅಲ್ಲಿ ಈ ಕೆಲಸ ಒಂದು ಗಂಟೆಯದ್ದಲ್ಲ. ಸಿಗ್ನಲಿನಲ್ಲಿ ತಾನೇ ಆಫ್ ಆಗಿ ಆನ್ ಆಗುವ ಗಾಡಿಗಳಿಗೆ ಗಟ್ಟಿ ಸೆಲ್ಫ್ ಬೇರೆಯೇ ಇರುತ್ತದೆ, ಸಾದಾ ಸೆಲ್ಫ್ ಹಾಕಬೇಡಿ. ವಾರಂಟಿ ಇರುವ ಗಾಡಿಗೆ ಕೈ ಹಾಕಲೇಬೇಡಿ.

ನೀವು ನಾಳೆ ಬೆಳಿಗ್ಗೆ ಮಾಡಬೇಕಾದದ್ದು ನೆಗೆಟಿವ್ ಕಡೆಯ ಅಳತೆ. ಅದು 0.3 ದಾಟಿದರೆ ಮೊದಲು ಅರ್ತ್ ಸರಿಮಾಡಿ, ಸೆಲ್ಫ್ ಬಿಚ್ಚುವ ತನಕ ಹೋಗಬೇಕಾಗಿಲ್ಲ. ಹೊಸ ಸೆಲ್ಫೇ ಹಾಕಬೇಕಾಗಿ ಬಂದರೆ ಹಳೆಯದನ್ನು ತಕ್ಷಣ ಗುಜರಿಗೆ ಕೊಡಬೇಡಿ, ಹೊಸದು ಒಂದು ತಿಂಗಳು ಸರಿಯಾಗಿ ಓಡಲಿ. ಆಮೇಲೂ ಅದರೊಳಗಿನ ತಾಮ್ರಕ್ಕೆ ಬೆಲೆ ಇದೆ, ಸುಮ್ನೆ ಬಿಟ್ಟುಕೊಡಬೇಡಿ.